ವಾಲಿಚಿ ಅಮೊನೈಟ್: ಹೆಸರು ಮತ್ತು ವರ್ಗೀಕರಣ

ಹೊಸಪೇಟೆ, ಕಂಪ್ಲಿ, ಆನೆಗೊಂದಿ ಸೀಮೆಯ ಮಾಧ್ವರ ಮನೆಗಳಲ್ಲಿ ಪೂಜೆಗೊಳ್ಳುವ, ನೇಪಾಳದ ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಹಲವು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳು. ಇವು ಸ್ಥಳೀಯ ಕಲ್ಲುಗಳಲ್ಲ. ಸಂಡೂರಿನ ಶಿಲಾಪಟ್ಟಿಗೆ ಸುಮಾರು 270 ಕೋಟಿ, ಹಂಪಿಯ ಗ್ರಾನೈಟಿಗೆ 250 ಕೋಟಿ ವರ್ಷ. ಅಮೊನೈಟ್ ಬಳಗ ಹುಟ್ಟಿದ್ದೇ ಸುಮಾರು 40 ಕೋಟಿ ವರ್ಷಗಳ ಹಿಂದೆ, ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಸಂಡೂರಿನ ದೋಣಿಮಲೈ ಶಿಲೆಗಳಿಂದ ವೆಂಕಟಾಚಲ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದ್ದು ಸೂಕ್ಷ್ಮಜೀವಿಗಳ ಕುರುಹುಗಳನ್ನು. ತುಂಗಭದ್ರೆಯ ಪಾತ್ರದಲ್ಲಿ ಅಮೊನೈಟ್ ಹುಡುಕಿ ಫಲವಿಲ್ಲ.

ಸಾಲಿಗ್ರಾಮಗಳಿಗೆ ಹೆಸರಿಡುವ ಪದ್ಧತಿ ಬ್ರಹ್ಮವೈವರ್ತ ಪುರಾಣದ ಪ್ರಕೃತಿಖಂಡದಲ್ಲಿದೆ. ಒಂದು ದ್ವಾರ (ಕಲ್ಲಿನ ಬಾಯಿ), ನಾಲ್ಕು ಚಕ್ರ, ವನಮಾಲೆ (ಹಾರದಂಥ ಗೆರೆ) ಇದ್ದರೆ ಲಕ್ಷ್ಮೀನಾರಾಯಣ; ವನಮಾಲೆ ಇಲ್ಲದಿದ್ದರೆ ಲಕ್ಷ್ಮೀಜನಾರ್ದನ. ಅತಿ ಚಿಕ್ಕದು, ಎರಡು ಚಕ್ರದ್ದು, ವನಮಾಲೆಯದು ಶ್ರೀಧರ. ದಪ್ಪಗೆ ದುಂಡಗಿದ್ದು ಮಾಲೆಯಿಲ್ಲದ್ದು ದಾಮೋದರ. ಲಕ್ಷಣವೊಂದು ಇದೆಯೋ ಇಲ್ಲವೋ ಎಂದು ಕೇಳುತ್ತ ಹೋಗುವ ಅಚ್ಚುಕಟ್ಟಾದ ಕ್ರಮವಿದು. ಇದನ್ನೇ ಪ್ರಾಚೀನ ಪಳೆಯುಳಿಕೆ ವಿಜ್ಞಾನವೆಂದು ಈಚೆಗೆ ಸಾರುವವರಿದ್ದಾರೆ; ಅದು ಸಲ್ಲದು. ಇಲ್ಲಿ ಹೆಸರು ಕಲ್ಲಿಗೆ, ಪ್ರಾಣಿಗಲ್ಲ. ಒಂದೇ ಪ್ರಭೇದದ ಚಿಪ್ಪಿರುವ ಎರಡು ಕಲ್ಲುಂಡೆಗಳು ಒಡೆದ ಬಗೆಯಿಂದಲೇ ಎರಡು ಮೂರ್ತಿಗಳಾಗಬಹುದು.

ಪ್ರಾಣಿಗೆ ಹೆಸರು ಬಂದದ್ದು 1832ರಲ್ಲಿ. ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ, ಹಾರ್ಡ್‌ವಿಕ್ ಸಂಗ್ರಹದ ಚಿತ್ರಸಂಪುಟದಲ್ಲಿ ಹಿಮಾಲಯದ ಒಂದು ಅಮೊನೈಟಿಗೆ, ನೇಪಾಳದಲ್ಲಿ ಗಿಡ ಸಂಗ್ರಹಿಸಿದ್ದ ಕಲ್ಕತ್ತೆಯ ಸಸ್ಯೋದ್ಯಾನದ ವಾಲಿಚ್ ನೆನಪಿಗೆ, ಅಮೊನೈಟಿಸ್ ವಾಲಿಚಿ ಎಂದು ಹೆಸರಿಟ್ಟರು. ಆ ಸಂಪುಟಕ್ಕೆ ವಿವರಣೆಯ ಪಠ್ಯ ಹೊರಬರಲೇ ಇಲ್ಲ. ಹೆಸರು ಚಿತ್ರದ ಮೇಲೆ ನಿಂತಿತು. ಜೆರಾರ್ಡ್ ಹಿಮಾಲಯದ ಸ್ಪಿತಿ ಕಣಿವೆಯಿಂದ ತಂದ ಮಾದರಿಗಳನ್ನು 1863ರಲ್ಲಿ ಬ್ಲ್ಯಾನ್‌ಫೋರ್ಡ್, ಷ್ಲಾಗಿಂಟ್‌ವೈಟ್ ಸೋದರರ ಮಾದರಿಗಳನ್ನು ಅದೇ ಹೊತ್ತಿಗೆ ಓಪೆಲ್ ಪರಿಶೀಲಿಸಿದರು. ಸ್ಟೋಲಿಚ್ಕಾ ಇವು ಸಿಗುವ ಕಪ್ಪು ಜೇಡಿಶಿಲೆಗೆ ಸ್ಪಿತಿ ಶೇಲ್ ಎಂದರು.

ಈ ಶೇಲ್‌ನ ಪಳೆಯುಳಿಕೆಗಳ ಮೇಲಿನ ದೊಡ್ಡ ಕೆಲಸ ವಿಯೆನ್ನಾದ ವಿಕ್ಟರ್ ಊಲಿಗ್ ಅವರದು. 1903ರಿಂದ 1910ರವರೆಗೆ ಪೇಲಿಯಂಟಾಲಾಜಿಯಾ ಇಂಡಿಕಾ ಗ್ರಂಥಮಾಲೆಯಲ್ಲಿ ಬಂದ ಅವರ ಸಂಪುಟಗಳಿಲ್ಲದೆ ಇಂದಿಗೂ ಯಾರೂ ಹೆಜ್ಜೆಯಿಡಲಾರರು. ವಾಲಿಚಿಗೆ ಅವರು ಬ್ಲ್ಯಾನ್‌ಫೋರ್ಡಿಯಾ ಎಂಬ ಕುಲ ಕಟ್ಟಿದರು. ಆ ಹೆಸರು ಆಗಲೇ ಒಂದು ಬಸವನಹುಳುವಿನ ಪಾಲಾಗಿತ್ತು. ಹಾಗಾಗಿ 1907ರಲ್ಲಿ ಕಾಸ್‌ಮನ್ ಅದನ್ನು ಬ್ಲ್ಯಾನ್‌ಫೋರ್ಡಿಸೆರಾಸ್ ಎಂದು ಬದಲಿಸಿದರು. ಊಲಿಗ್ ಅವರ ದೋಷ ಬೇರೆಯದು: ಅವರ ಕೈಗೆ ಬಂದ ಎಷ್ಟೋ ಚಿಪ್ಪುಗಳು ಯಾವ ಪದರದಲ್ಲಿದ್ದವೆಂಬ ದಾಖಲೆಯಿರಲಿಲ್ಲ. ಏಣುಗಳ ಅಲ್ಪಸ್ವಲ್ಪ ವ್ಯತ್ಯಾಸಕ್ಕೆಲ್ಲ ಹೊಸ ಪ್ರಭೇದಗಳು ಹುಟ್ಟಿಕೊಂಡವು.

ಈ ಗೋಜಲನ್ನು ಬಿಡಿಸಿದ್ದು ಸಂಗ್ರಹಾಲಯವಲ್ಲ, ಕ್ಷೇತ್ರಕಾರ್ಯ. 1960ರ ದಶಕದ ಆರಂಭದಲ್ಲಿ ಮಕೋವ್‌ಸ್ಕಿ ಮತ್ತು ಕ್ಯಾಲೊಮನ್ ಅಮೊನೈಟುಗಳ ದೊಡ್ಡ, ಚಿಕ್ಕ ಚಿಪ್ಪುಗಳು ಒಂದೇ ಪ್ರಭೇದದ ಎರಡು ಲಿಂಗಗಳಿರಬಹುದೆಂದು ತೋರಿಸಿಕೊಟ್ಟ ಮೇಲೆ ಹಳೆಯ ಹೆಸರುಗಳ ಮೇಲೆ ಸಂದೇಹ ಬಿತ್ತು. ಸ್ಪಿತಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜೈ ಕೃಷ್ಣ, ಪಾಠಕ್ ಮತ್ತು ಸಂಗಡಿಗರು ಪದರ ಪದರವಾಗಿ ಆಯ್ದು ಪಟ್ಟಿ ಮಾಡಿದರು. ನೇಪಾಳದ ಥಾಕ್‌ಖೋಲಾದಲ್ಲಿ ಎನೇ ಮತ್ತು ಕಾರಿಯೂ ಅದೇ ಹಾದಿ ಹಿಡಿದರು. ಬ್ಲ್ಯಾನ್‌ಫೋರ್ಡಿಸೆರಾಸ್ ಜುರಾಸಿಕ್‌ನ ಕೊನೆಯ ಟಿಥೋನಿಯನ್ ಘಟ್ಟದ್ದು, ಸುಮಾರು 14.5 ಕೋಟಿ ವರ್ಷ ಹಿಂದಿನದು. ನ್ಯೂಗಿನಿಯಿಂದ ಅಂಟಾರ್ಕ್ಟಿಕಾದವರೆಗೆ ದಾಖಲಾಗಿದೆ.

ಈ ಕುಲದ ಲಕ್ಷಣ ಕಣ್ಣಿಗೆ ಕಾಣುವಂಥದ್ದು. ಸುರುಳಿಗಳು ಸಡಿಲ, ಹಿಂದಿನದು ಮುಂದಿನದರಲ್ಲಿ ಮುಚ್ಚಿಹೋಗುವುದಿಲ್ಲ. ಬಲವಾದ ಏಣುಗಳು ಪಕ್ಕದಲ್ಲಿ ಕವಲೊಡೆದು ಹೊರಬೆನ್ನಿನತ್ತ ಸಾಗಿ, ಒಳಸುರುಳಿಗಳಲ್ಲಿ ನಡುಗೆರೆಯ ತಗ್ಗಿಗೆ ಬಂದು ಕಡಿಯುತ್ತವೆ. ಸಾಲಿಗ್ರಾಮದ ದ್ವಾರದೊಳಗೆ ಚಕ್ರವೆಂದು ಕಾಣುವುದು ಎಷ್ಟೋ ಸಲ ಇಂಥ ಏಣುಗಳ ಅಚ್ಚು. ಅಷ್ಟರಿಂದ ಕುಲವನ್ನು ಊಹಿಸಬಹುದು, ಪ್ರಭೇದ ಹೇಳಲಾಗದು. ಹೊರಬೆನ್ನು ಕಲ್ಲಿನೊಳಗೇ ಅಡಗಿರುತ್ತದೆ. ಶತಮಾನಗಳಿಂದ ಮಠ, ಮನೆಗಳಲ್ಲಿ ಉಳಿದಿರುವ ಇವನ್ನು ಒಡೆಯುವುದು ಬೇಕಿಲ್ಲ, ಒಡೆಯಕೂಡದು. ಸಿ.ಟಿ. ಸ್ಕ್ಯಾನ್‌ನಿಂದ ಒಳಗನ್ನು ನೋಡುವುದು ಇಂದು ಸಾಧ್ಯ. ಗಂಡಕಿಯ ಅಮೊನೈಟುಗಳ ವರ್ಗೀಕರಣದ ಪರಿಷ್ಕರಣೆಗೆ ಅದು ಸ್ಪಿತಿಯ ಹೊಸ ಸಂಗ್ರಹದಷ್ಟೇ ಉಪಯುಕ್ತವಾಗಬಲ್ಲದು, ಪದರದ ದಾಖಲೆಯೊಂದನ್ನು ಬಿಟ್ಟು.

ಬ್ಲ್ಯಾನ್‌ಫೋರ್ಡಿಸೆರಾಸ್ ಯಾವ ಕುಟುಂಬದ್ದೆಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಬೆರಿಯಾಸೆಲ್ಲಾ ಎಂಬ ಕುಲದ ಬಂಧುವೆಂದು ಕೆಲವರು ನಿಯೋಕೊಮಿಟಿಡೇಯಲ್ಲಿ ಇಡುತ್ತಾರೆ. ಮತ್ತೆ ಕೆಲವರು ಹಿಮಾಲಯಿಟಿಡೇಯಲ್ಲಿ. ಎರಡನೆಯ ಕುಟುಂಬದ ಗುರುತು, ಬೆಳವಣಿಗೆಯ ಒಂದು ಹಂತದಲ್ಲಿ ಏಣು ಕವಲೊಡೆಯುವಲ್ಲಿ ಮೂಡುವ ಗುಬ್ಬಟೆ. ಅದು ವಾಲಿಚಿಯಲ್ಲಿದೆಯೇ ಎಂಬುದಕ್ಕೆ ಉತ್ತರ ಸಿಗುವುದು ಒಳಸುರುಳಿಗಳನ್ನು ನೋಡಿದಾಗ.