ಕೆಡವಿದ ಮನೆ ಎಲ್ಲಿಗೆ ಹೋಗ್ತದೆ?

ನಾಲ್ಕು ಜನ ಹೆಂಗಸರು ಒಟ್ಟು ಸೇರಿದರೆ ಈಗ ಮುಂಬಯಿಯಲ್ಲಿ ರಿಡೆವಲಪ್‌ಮೆಂಟಿನದ್ದೇ ಮಾತು. ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚು ಸಿಗ್ತದೆ, ಬಿಲ್ಡರು ತಿಂಗಳಿಗೆ ಬಾಡಿಗೆ ಎಷ್ಟು ಕೊಡ್ತಾರೆ, ಅಡುಗೆಮನೆ ಯಾವ ಕಡೆಗೆ ಬರ್ತದೆ ಅಂತ ಎಲ್ಲ ವಿಚಾರಿಸ್ತೇವೆ. ಈಗ ಇರುವ ಮನೆಯನ್ನು ಕೆಡವಿದ ಮೇಲೆ ಅದರ ಗೋಡೆ, ಸ್ಲ್ಯಾಬು, ಬಚ್ಚಲಿನ ಟೈಲ್ಸು ಎಲ್ಲಿಗೆ ಹೋಗ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇಲ್ಲಿಯವರು ಅದಕ್ಕೆ ‘ರ್‍ಯಾಬಿಟ್’ ಅಂತಾರೆ. ಮೊಲ ಅಲ್ಲ ಮಾರಾಯ್ತಿ, ಒಡೆದ ಇಟ್ಟಿಗೆ-ಸಿಮೆಂಟಿನ ರಾಶಿ. ಈ ರಾಶಿಗೂ ಈ ಊರಿಗೂ ಬಹಳ ಹಳೆಯ ಸಂಬಂಧ ಉಂಟು.

ಮುಂಬಯಿ ಮೊದಲು ಏಳು ದ್ವೀಪ. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್. ನಡುವೆ ಉಬ್ಬರಕ್ಕೆ ನೀರು, ಇಳಿತಕ್ಕೆ ಕೆಸರು. 1661ರಲ್ಲಿ ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನಳ ಮದುವೆಯ ಒಪ್ಪಂದದಲ್ಲಿ ಇದು ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಸಿಕ್ಕಿತು. ರಾಜ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟುಬಿಟ್ಟ.

ಆಮೇಲೆ ಶುರುವಾಯಿತು ನೋಡಿ ತುಂಬಿಸುವ ಕೆಲಸ. 1780ರ ದಶಕದಲ್ಲಿ ಗವರ್ನರ್ ಹಾರ್ನ್‌ಬಿ ಕಾಲದಲ್ಲಿ ವರ್ಲಿ ಹತ್ತಿರ ಸಮುದ್ರ ಒಳನುಗ್ಗುವ ಬಾಯಿಗೆ ಕಟ್ಟೆ ಹಾಕಿದರು. ಕಟ್ಟಿದ್ದು ಕುಸಿಯುತ್ತಲೇ ಇತ್ತಂತೆ. ಕೊನೆಗೆ ದೇವಿ ಕನಸಿನಲ್ಲಿ ಬಂದು ಹೇಳಿದ ಮೇಲೆ ನೀರಿನಿಂದ ವಿಗ್ರಹ ತೆಗೆದು ಗುಡಿ ಕಟ್ಟಿದರು, ಆಗ ಕಟ್ಟೆ ನಿಂತಿತು ಅಂತ ಕಥೆ. ನಾವು ನವರಾತ್ರಿಗೆ ಕ್ಯೂ ನಿಲ್ಲುವ ಮಹಾಲಕ್ಷ್ಮಿ ಅದೇ. ಮಾಹಿಮ್-ಬಾಂದ್ರಾ ನಡುವಿನ ದಾರಿ ಆದದ್ದು 1845ರಲ್ಲಿ. ಅದಕ್ಕೆ ಒಂದೂವರೆ ಲಕ್ಷಕ್ಕೂ ಮಿಕ್ಕಿ ಹಣ ಕೊಟ್ಟವರು ಒಬ್ಬ ಹೆಂಗಸು, ಜಮ್ಷೇಟ್‌ಜಿ ಜೀಜಿಭಾಯಿಯವರ ಹೆಂಡತಿ ಅವಾಬಾಯಿ. ದಾಟುವವರ ಕೈಯಿಂದ ಸುಂಕ ತೆಗೆದುಕೊಳ್ಳಬಾರದು ಅಂತ ಷರತ್ತು ಬೇರೆ ಹಾಕಿದ್ದರು.

ತುಂಬಿಸಿದ್ದು ಒಳ್ಳೆಯ ಕಲ್ಲು-ಮಣ್ಣಿನಿಂದ ಮಾತ್ರ ಅಲ್ಲ. ತಗ್ಗಿನ ಜೌಗುಗಳನ್ನು ಊರಿನ ಕಸ ಹಾಕಿಯೂ ಎತ್ತರಿಸಿದರು. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನೇ ಕೆಡವಿದರು. 1896ರಲ್ಲಿ ಪ್ಲೇಗ್ ಬಂತು. ಅದರ ಹಿಂದೆಯೇ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ, ಇಕ್ಕಟ್ಟಿನ ಮನೆಗಳನ್ನು ಒಡೆದು ಅಗಲ ರಸ್ತೆ ತೆಗೆದರು. ದಾದರ್-ಮಾಟುಂಗಾದ ಬಡಾವಣೆ ಆ ಟ್ರಸ್ಟಿನದ್ದೇ. ನಮ್ಮ ಕನ್ನಡದವರು ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ ಅಂತ ಸೇರುವ ಮಾಟುಂಗಾ.

ರಾಶಿಯ ಕಥೆಯಲ್ಲಿ ಮರೆಯಲಿಕ್ಕೇ ಆಗದ್ದು 1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿಯಿತು. ಅದರಲ್ಲಿ ಹತ್ತಿಯೂ ಇತ್ತು, ಮದ್ದುಗುಂಡೂ ಇತ್ತು, ಚಿನ್ನದ ಗಟ್ಟಿಗಳೂ ಇದ್ದವು. ನೂರಾರು ಜನ ಸತ್ತರು. ಸುಮಾರು 5 ಲಕ್ಷ ಟನ್ ಅವಶೇಷ ತೆಗೆಯಲಿಕ್ಕೆ 8,000 ಜನ 7 ತಿಂಗಳು ದುಡಿದರು. ಎಷ್ಟೋ ವರ್ಷದ ಮೇಲೂ ಹೂಳೆತ್ತುವಾಗ ಚಿನ್ನ ಸಿಕ್ಕಿದ್ದುಂಟು.

ಆಗೆಲ್ಲ ರಾಶಿಗೆ ಜಾಗ ಇತ್ತು ಅನ್ನುವ ಭಾವನೆ. ತಗ್ಗು ಕಂಡಲ್ಲಿ ಹಾಕು, ನೆಲ ಆಯಿತು. ಊರು ಬೆಳೆದದ್ದೇ ಹಾಗೆ. ಈಗ ತಗ್ಗು ಅಂತ ಉಳಿದದ್ದು ಖಾರಿ, ಕಾಂದಳ ಕಾಡು, ಮೀಠಿ ನದಿಯ ದಂಡೆ. ಮಳೆನೀರು ನಿಲ್ಲಲಿಕ್ಕೆ, ಹರಿಯಲಿಕ್ಕೆ ಇರುವ ಜಾಗ ಅದು. 1991ರಲ್ಲಿ ಕರಾವಳಿ ನಿಯಂತ್ರಣದ ಕಾನೂನು ಬಂತು. ಆದರೂ ರಾತ್ರಿ ಡಂಪರ್ ಬಂದು ಸುರಿದು ಹೋಗುವುದು ನಿಲ್ಲಲಿಲ್ಲ. 2005ರ ಜುಲೈ 26ಕ್ಕೆ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಮೀಠಿಯ ಬಾಯಿ ಕಟ್ಟಿದ್ದರಿಂದ ನೀರು ಮನೆಗಳಿಗೆ ನುಗ್ಗಿತು. ಮಳೆ ದೇವರ ಲೆಕ್ಕ ಇರಬಹುದು, ನದಿಗೆ ಕಲ್ಲುಮಣ್ಣು ತುಂಬಿದ್ದು ಮನುಷ್ಯರ ಲೆಕ್ಕವೇ.

2016ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟು, ಕಸಕ್ಕೆ ಸರಿಯಾದ ವ್ಯವಸ್ಥೆ ಆಗುವವರೆಗೆ ಹೊಸ ಕಟ್ಟಡಗಳಿಗೆ ಅನುಮತಿ ಬೇಡ ಅಂತ ತಡೆಯಿತು. 2018ರಲ್ಲಿ ಸುಪ್ರೀಂ ಕೋರ್ಟು ಷರತ್ತು ಹಾಕಿ ಸಡಿಲ ಮಾಡಿತು. ಅದೇ 2016ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಕಟ್ಟಡ ತ್ಯಾಜ್ಯಕ್ಕೇ ಬೇರೆ ನಿಯಮ ತಂದಿತು. ದಿನಕ್ಕೆ 20 ಟನ್ ಅಥವಾ ಒಂದು ಕೆಲಸದಲ್ಲಿ ತಿಂಗಳಿಗೆ 300 ಟನ್ನಿನ ಮೇಲೆ ಬರುವುದಾದರೆ ಮೊದಲೇ ಯೋಜನೆ ಕೊಡಬೇಕು ಅಂತ ಆ ನಿಯಮದಲ್ಲಿ ಇತ್ತು. ಕಾಂಕ್ರೀಟು, ಮಣ್ಣು, ಕಬ್ಬಿಣ, ಮರ, ಇಟ್ಟಿಗೆ ಬೇರೆ ಬೇರೆ ಮಾಡಬೇಕು ಅಂತಲೂ ಇತ್ತು.

ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಊರ ಕಡೆ ಮನೆ ‘ಬಿಚ್ಚುವುದು’ ಅಂತಲೇ ಹೇಳುವುದಲ್ವಾ? ಹಂಚು ಇಳಿಸಿ ಅಡ್ಡ ಇಡುವುದು, ಪಕ್ಕಾಸು-ರೀಪು ಬೇರೆ, ದಾರಂದ ಬೇರೆ, ಕೆಂಪುಕಲ್ಲು ಕೆರೆದು ದನದ ಕೊಟ್ಟಿಗೆಗೆ, ಮಣ್ಣು ತೋಟಕ್ಕೆ. ಬಿಸಾಡಲಿಕ್ಕೆ ಎಂತದೂ ಉಳಿಯುತ್ತಿರಲಿಲ್ಲ. ಅಜ್ಜಂದಿರ ಆ ಕ್ರಮವೇ ಈಗ ಕಾನೂನಾಗಿ ಬಂದಿದೆ.

ಕಾಂಕ್ರೀಟನ್ನೂ ಪುಡಿ ಮಾಡಿ ಜಲ್ಲಿ, ಹೊಯ್ಗೆಯ ಹಾಗೆ ಬಳಸಬಹುದು, ಫುಟ್‌ಪಾತಿನ ಪೇವರ್ ಬ್ಲಾಕ್ ಮಾಡಬಹುದು. ಮುಂಬಯಿ ಪಾಲಿಕೆಗೆ ಈಗ ದಹಿಸರ್‌ನಲ್ಲಿ ಒಂದು, ಶೀಲ್‌ಫಾಟಾ ಕಡೆ ಒಂದು ಘಟಕ ಉಂಟು, ಒಂದೊಂದಕ್ಕೆ ದಿನಕ್ಕೆ 600 ಟನ್ನಿನ ಸಾಮರ್ಥ್ಯ. ಬಚ್ಚಲು ರಿಪೇರಿಯಂತಹ ಸಣ್ಣ ಕೆಲಸಕ್ಕೆ ‘ಡೆಬ್ರಿಸ್ ಆನ್ ಕಾಲ್’ ಅಂತ ಪಾಲಿಕೆಯ ಸೇವೆಯೂ ಉಂಟು. ಗೋಣಿಯಲ್ಲಿ ತುಂಬಿಸಿ ಗಟಾರದ ಬದಿಗೆ ಇಡಲಿಕ್ಕೆ ವಾಚ್‌ಮ್ಯಾನಿಗೆ ನೂರಿನ್ನೂರು ಕೊಡುವ ಬದಲು ಅವರಿಗೆ ಹೇಳುವುದು ಒಳ್ಳೆಯದು.

ಸೊಸೈಟಿಯ ಮೀಟಿಂಗಿಗೆ ಗಂಡಸರನ್ನು ಕಳಿಸಿ ನಾವು ಮನೆಯಲ್ಲಿ ಕೂರುವುದು ಬೇಡ. ಎಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಮೂರು ಮಾತು ಕೇಳಿ: ನಮ್ಮ ಬಿಲ್ಡಿಂಗಿನ ರ್‍ಯಾಬಿಟ್ ಯಾವ ಜಾಗಕ್ಕೆ ಹೋಗ್ತದೆ, ಪಾಲಿಕೆಗೆ ಯೋಜನೆ ಕೊಟ್ಟಿದ್ದಾರಾ, ಲಾರಿ ಅಲ್ಲಿಗೆ ಮುಟ್ಟಿದ್ದಕ್ಕೆ ರಶೀದಿ ತೋರಿಸ್ತಾರಾ. ನಾವು ದೀಪ ಹಚ್ಚಿದ ಗೋಡೆ ಅದು. ಅದೇ ಗೋಡೆ ಯಾವುದೋ ಖಾರಿಯ ಬಾಯಿ ಕಟ್ಟಿ, ಮಳೆಗಾಲದಲ್ಲಿ ಇನ್ನೊಬ್ಬಳ ಅಡುಗೆಮನೆಗೆ ನೀರು ನುಗ್ಗಿಸುವುದು ಬೇಡ.