ವಾರ್ಲಿ ವಿಮೋಚನಾ ಚಳವಳಿ

ಹಿಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ ಠಾಣೆ ಜಿಲ್ಲೆಯ ಉಂಬರಗಾಂವ, ಡಹಾಣೂ, ಪಾಲಘರ ತಾಲ್ಲೂಕುಗಳಲ್ಲಿ, ಜಮೀನ್ದಾರರ ಹಾಗೂ ಸಾಹುಕಾರರ ಜೀತಕ್ಕೆ ತಲೆಮಾರುಗಳಿಂದ ಕಟ್ಟುಬಿದ್ದಿದ್ದ ವಾರ್ಲಿ ಮೊದಲಾದ ಆದಿವಾಸಿಗಳು 1945ರಿಂದ ಮುಂದಕ್ಕೆ ನಡೆಸಿದ ದಾಸ್ಯವಿಮೋಚನೆಯ ಹೋರಾಟ. ಅಮೆರಿಕದ ಕರಿಯ ಜನರ ಸ್ವಾತಂತ್ರ್ಯೇತಿಹಾಸದ ಪಕ್ಕದಲ್ಲಿರಿಸಿ ಇದನ್ನು ಓದುವುದು ಉಚಿತ. ಏಕೆಂದರೆ ಎರಡು ಕಡೆಯೂ ಶಾಸನವು ಅಳಿಸಿದ ದಾಸ್ಯವನ್ನು ಸಾಲವು ಉಳಿಸಿಕೊಂಡಿತು, ಎರಡು ಕಡೆಯೂ ದಾಸರೇ ಎದ್ದು ನಿಲ್ಲುವವರೆಗೆ ಬಿಡುಗಡೆಯೆಂಬುದು ಕಾಗದದ ಮಾತಾಗಿಯೇ ಇದ್ದಿತು.

ಬ್ರಿಟಿಷ್ ಇಂಡಿಯಾದ ನ್ಯಾಯಾಲಯಗಳು ಮನುಷ್ಯನ ಮೇಲೆ ಮನುಷ್ಯನಿಗಿರುವ ಒಡೆತನವನ್ನು ಮಾನ್ಯಮಾಡಕೂಡದೆಂಬ ಅಧಿನಿಯಮವು 1843ರಲ್ಲಿಯೇ ಜಾರಿಗೆ ಬಂದಿದ್ದಿತು. ಅಮೆರಿಕದಲ್ಲಿ ಅಧ್ಯಕ್ಷ ಲಿಂಕನ್ನನ ಗುಲಾಮವಿಮೋಚನೆಯ ಘೋಷಣೆ 1863ರಲ್ಲಿ, ರಾಜ್ಯಾಂಗದ 13ನೆಯ ತಿದ್ದುಪಡಿ 1865ರಲ್ಲಿ ಆದವು. ಆ ಬಿಡುಗಡೆಯಿಂದ ಪುಳಕಿತರಾದ ಪುಣೆಯ ಜೋತಿಬಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಗ್ರಂಥವನ್ನು, ನೀಗ್ರೋ ಗುಲಾಮರನ್ನು ಬಿಡಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಆದರೆ ಭೂಮಿಯಿಲ್ಲದೆ ಬಿಡುಗಡೆ ಹೊಂದಿದ ಕರಿಯ ರೈತನು ಅಲ್ಲಿಯ ದಕ್ಷಿಣ ರಾಜ್ಯಗಳಲ್ಲಿ ಪಾಲಿನ ಬೇಸಾಯಕ್ಕೂ ತೀರದ ಸಾಲಕ್ಕೂ ಸಿಕ್ಕಿ ಮತ್ತೆ ಹಳೆಯ ಒಡೆಯನ ಹೊಲಕ್ಕೇ ಮರಳಿದಂತೆ, ಇಲ್ಲಿ ಕಾಡನ್ನು ಸರಕಾರವೂ ಉತ್ತ ನೆಲವನ್ನು ಸಾಹುಕಾರನೂ ತೆಗೆದುಕೊಂಡ ಮೇಲೆ, ನೆಲದ ಒಡೆಯನಾಗಿದ್ದ ವಾರ್ಲಿಯು ಅದೇ ನೆಲದಲ್ಲಿ ಗೇಣಿದಾರನಾಗಿ, ಕೊನೆಗೆ ಬಿಟ್ಟಿಯಾಳಾಗಿ ಉಳಿದನು.

ಈ ದಾಸ್ಯಕ್ಕೆ ಎರಡು ಮುಖಗಳಿದ್ದವು. ಮೊದಲನೆಯದು ವೇಠ್, ಎಂದರೆ ಬಿಟ್ಟಿ: ಜಮೀನ್ದಾರನು ಕರೆದಾಗಲೆಲ್ಲ ಗೇಣಿದಾರನು ತನ್ನ ಗದ್ದೆಯ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಕೂಲಿಯಿಲ್ಲದೆ ಅವನ ಹೊಲದಲ್ಲಿಯೂ ಮನೆಯಲ್ಲಿಯೂ ದುಡಿಯತಕ್ಕದ್ದು, ತಪ್ಪಿದರೆ ಹೊಡೆತ. ಎರಡನೆಯದು ಇನ್ನೂ ದಾರುಣ. ಮದುವೆಯ ಖರ್ಚಿಗೆಂದು ಸಾಲ ತೆಗೆದ ಯುವಕನು ಆ ಸಾಲವು ತೀರುವವರೆಗೆ ಹೆಂಡತಿಯೊಡನೆ ಧನಿಯ ಮನೆಯಾಳಾಗಿರಬೇಕು. ಲೆಕ್ಕದ ಪುಸ್ತಕ ಧನಿಯ ಕೈಯಲ್ಲಿ, ಓದುಬರಹ ತಿಳಿಯದ ಆಳಿಗೆ ಅದರೊಳಗಿನದು ಅಗೋಚರ, ಆದ್ದರಿಂದ ಸಾಲವೆಂಬುದು ಸಾಯುವವರೆಗೂ ತೀರುತ್ತಿರಲಿಲ್ಲ. ಇಂಥವರನ್ನು ಲಗ್ನಗಡಿ ಎನ್ನುತ್ತಿದ್ದರು. ಗೃಹಸ್ಥಾಶ್ರಮಕ್ಕೆ ಕಾಲಿಡುವ ಗಳಿಗೆಯೇ ದಾಸ್ಯದ ಗಳಿಗೆಯಾಗುವಂತೆ ಮಾಡಿದ ಈ ಪದ್ಧತಿಯಲ್ಲಿ ಹೆಣ್ಣಿನ ಮಾನಕ್ಕೂ ರಕ್ಷಣೆಯಿರಲಿಲ್ಲವೆಂಬುದನ್ನು ಮರೆಯಲಾಗದು.

ಚಳವಳಿಯ ಬೀಜವು ಬಿದ್ದದ್ದು ಕಲ್ಯಾಣ ತಾಲ್ಲೂಕಿನಲ್ಲಿ. ಕಲ್ಯಾಣದಿಂದ ಕಸಾರಾ ಕಡೆಗೆ ಹೋಗುವ ರೈಲುಹಾದಿಯಲ್ಲಿರುವ ಟಿಟವಾಳಾದಲ್ಲಿ, 1945ರ ಜನವರಿಯಲ್ಲಿ ಮಹಾರಾಷ್ಟ್ರ ಕಿಸಾನ ಸಭೆಯ ಅಧಿವೇಶನ ನೆರೆಯಿತು. ಉಂಬರಗಾಂವದಿಂದ ಬಂದ ಕೆಲವು ವಾರ್ಲಿಗಳು ತಮ್ಮ ಸಂಕಟವನ್ನು ಅಲ್ಲಿ ತಾವೇ ನಿವೇದಿಸಿದರು. ಅಧಿವೇಶನದ ಹಿಂದಿದ್ದವರು ಶಾಮರಾವ್ ಪರುಳೇಕರ ಮತ್ತು ಗೋದಾವರಿ ಪರುಳೇಕರ ದಂಪತಿಗಳು. ಶಾಮರಾಯರು 1937ರಲ್ಲಿ ಡಾ. ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಮುಂಬಯಿ ಶಾಸನಸಭೆಗೆ ಆಯ್ಕೆಯಾಗಿ, ಅನಂತರ ಕಮ್ಯುನಿಸ್ಟ್ ಪಕ್ಷವನ್ನು ಸೇರಿದವರು. ಗೋದಾವರಿಬಾಯಿಯವರು ಕಾಯಿದೆ ಓದಿದ ವಿದುಷಿ.

ಅದೇ ವರ್ಷದ ಮೇ ತಿಂಗಳಲ್ಲಿ ಉಂಬರಗಾಂವ ತಾಲ್ಲೂಕಿನ ಝರಿ ಗ್ರಾಮದಲ್ಲಿ ಸಾವಿರಾರು ವಾರ್ಲಿಗಳು ಕೂಡಿ, ಇನ್ನು ಬಿಟ್ಟಿ ಮಾಡುವುದಿಲ್ಲ, ಲಗ್ನಗಡಿಯಾಗಿರುವುದಿಲ್ಲವೆಂದು ನಿರ್ಧರಿಸಿದರು. ಮುಂದಿನ ಕೆಲವೇ ವಾರಗಳಲ್ಲಿ, ಯಾವ ಹೊಸ ಕಾಯಿದೆಯೂ ಬಾರದೆ, ಕೆಂಪು ಬಾವುಟ ಹಿಡಿದ ಗುಂಪುಗಳು ಹಳ್ಳಿಯಿಂದ ಹಳ್ಳಿಗೆ ನಡೆದು ಧನಿಗಳ ಮನೆಯಂಗಳದಿಂದ ಲಗ್ನಗಡಿಗಳನ್ನು ಕರೆದುಕೊಂಡು ಬಂದವು. ಅಮೆರಿಕದ ಅಂತರ್ಯುದ್ಧದಲ್ಲಿ ಲಕ್ಷಾಂತರ ಗುಲಾಮರು ತೋಟಗಳನ್ನು ಬಿಟ್ಟು ಹೊರಟದ್ದೇ ಒಂದು ಮಹಾಮುಷ್ಕರವೆಂದೂ, ಅವರು ಯಾರೋ ಕೊಟ್ಟ ಬಿಡುಗಡೆಯನ್ನು ಪಡೆದವರಷ್ಟೇ ಅಲ್ಲವೆಂದೂ ಕರಿಯ ಇತಿಹಾಸಕಾರ ಡುಬಾಯ್ಸರು 1935ರಲ್ಲಿ ಪ್ರತಿಪಾದಿಸಿದ್ದರು. ಝರಿಯ ನಂತರದ ಆ ವಾರಗಳು ಈ ಮಾತಿಗೆ ನಮ್ಮ ನೆಲದ ಸಾಕ್ಷ್ಯವೆಂಬುದು ಈ ಲೇಖಕನ ಅಭಿಪ್ರಾಯ. ಇದೇ ಡುಬಾಯ್ಸರಿಗೆ 1946ರಲ್ಲಿ ಪತ್ರ ಬರೆದು, ನೀಗ್ರೋ ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಗಳನ್ನು ಅಂಬೇಡ್ಕರರು ತರಿಸಲೆತ್ನಿಸಿದರೆಂಬುದೂ ಇಲ್ಲಿ ಸ್ಮರಣೀಯ.

ಬಿಟ್ಟಿ ನಿಂತ ಮೇಲೆ ಕೂಲಿಯ ಪ್ರಶ್ನೆ ಎದ್ದಿತು. ಐನೂರು ಪೌಂಡು ಹುಲ್ಲು ಕೊಯ್ದರೆ ಎರಡೂವರೆ ರೂಪಾಯಿ ಕೊಡಬೇಕೆಂದು ಅಕ್ಟೋಬರಿನಲ್ಲಿ ಮುಷ್ಕರ ಹೂಡಿದ ವಾರ್ಲಿಗಳನ್ನು, ಗೋದಾವರಿಬಾಯಿಯವರ ಸಭೆಯಿದೆ, ಅವರ ಪ್ರಾಣಕ್ಕೆ ಅಪಾಯವಿದೆ ಎಂಬ ಸುಳ್ಳುಸುದ್ದಿಯಿಂದ ತಲವಾಡಾ ಗ್ರಾಮದಲ್ಲಿ ಸೇರಿಸಲಾಯಿತು. ಅವರನ್ನು ಕಾಯಲೆಂದು ದೊಣ್ಣೆ ಹಿಡಿದು ಬಂದು, ಕದಲದೆ ಕುಳಿತ ಜನರ ಮೇಲೆ 1945ರ ಅಕ್ಟೋಬರ್ 10ರಂದು ಪೊಲೀಸರು ಗುಂಡು ಹಾರಿಸಿದರು; ಜೇಠ್ಯಾ ಗಾಂಗಡ ಮೊದಲಾದ ಐವರು ಮಡಿದರು. ಪರುಳೇಕರ ದಂಪತಿಗಳಿಗೆ ಜಿಲ್ಲೆಯ ಪ್ರವೇಶ ನಿಷಿದ್ಧವಾಯಿತು. ಮುಷ್ಕರವು ಮಾತ್ರ ಮುರಿಯಲಿಲ್ಲ. ಮರುವರ್ಷ ಅದು ಕಾಡುಗುತ್ತಿಗೆಯ ಕೂಲಿಗಳಿಗೂ ಹಬ್ಬಿತು.

ಸ್ವಾತಂತ್ರ್ಯಾನಂತರ ಭಾರತದ ರಾಜ್ಯಾಂಗದ 23ನೆಯ ಅನುಚ್ಛೇದವು ಬಿಟ್ಟಿಯನ್ನು ನಿಷೇಧಿಸಿತು. 1957ರಲ್ಲಿ ಠಾಣೆಯ ಮತದಾರರು ಶಾಮರಾಯರನ್ನು ಲೋಕಸಭೆಗೆ ಕಳುಹಿಸಿದರು. ಗೋದಾವರಿಬಾಯಿಯವರು ಈ ಹೋರಾಟವನ್ನು ಕುರಿತು ಬರೆದ ಮರಾಠಿ ಗ್ರಂಥ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1960ರಲ್ಲಿ ಮುಂಬಯಿ ರಾಜ್ಯವು ಒಡೆದಾಗ ಉಂಬರಗಾಂವದ ಬಹುಭಾಗ ಗುಜರಾತಿಗೆ ಹೋಗಿ, ತಲಾಸರಿಯ ಭಾಗ ಮಹಾರಾಷ್ಟ್ರದಲ್ಲಿ ಉಳಿಯಿತು. 2014ರಲ್ಲಿ ಪಾಲಘರವೇ ಪ್ರತ್ಯೇಕ ಜಿಲ್ಲೆಯಾಯಿತು.

ಜೀತನಿರ್ಮೂಲನ ಅಧಿನಿಯಮ 1976ರಲ್ಲಿ ಬಂದರೂ, ಅದನ್ನು ಠಾಣೆಯ ಹಳ್ಳಿಗಳಲ್ಲಿ ಜಾರಿಮಾಡಿಸಲು ಮತ್ತೊಂದು ಸಂಘಟನೆಯೇ ಬೇಕಾಯಿತು. 1982ರಿಂದ ವಸಈ, ಭಿವಂಡಿ ತಾಲ್ಲೂಕುಗಳಲ್ಲಿ ಜೀತದಾಳುಗಳನ್ನು ಬಿಡಿಸತೊಡಗಿದ ಶ್ರಮಜೀವಿ ಸಂಘಟನೆಯ ವಿವೇಕ ಮತ್ತು ವಿದ್ಯುಲ್ಲತಾ ಪಂಡಿತ ದಂಪತಿಗಳಿಗೆ 1999ರಲ್ಲಿ ಲಂಡನ್ನಿನ ದಾಸ್ಯವಿರೋಧಿ ಸಂಸ್ಥೆಯ ಪ್ರಶಸ್ತಿ ದೊರೆಯಿತು; ಕರಿಯ ಗುಲಾಮರ ವಿಮೋಚನೆಗೆಂದು 1839ರಲ್ಲಿ ಹುಟ್ಟಿದ ಸಂಸ್ಥೆಯಿದು. ಆದರೂ ಕಾತಕರಿ ಎಂಬ ಆದಿವಾಸಿ ಕುಟುಂಬಗಳು ಮಳೆಗಾಲದಲ್ಲಿ ಮುಂಗಡ ಹಣ ತೆಗೆದು, ಮಳೆ ನಿಂತ ಮೇಲೆ ಆ ಸಾಲ ತೀರಿಸಲೆಂದು ಮಕ್ಕಳುಮರಿಗಳೊಡನೆ ಇಟ್ಟಿಗೆಯ ಭಟ್ಟಿಗಳಿಗೆ ಹೋಗುವ ಪದ್ಧತಿ ಠಾಣೆ, ಪಾಲಘರ, ರಾಯಗಡ ಜಿಲ್ಲೆಗಳಲ್ಲಿ ಇನ್ನೂ ನಿಂತಿಲ್ಲ.