ಹರಾಜಿನ ಪಟ್ಟಿ ಕಟ್ಟಿಕೊಟ್ಟ ಮನೆ

ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಚಿತ್ರಕಾರ ರೆಂಬ್ರಾಂಟನ ಮನೆಯ ಒಳಗು ಇಂದು ನಮಗೆ ನೋಡಸಿಗುವುದು ಅವನು ತೀರಿಸಲಾಗದೆ ಹೋದ ಸಾಲದಿಂದ. ಹೆಸರೂ ಹಣವೂ ಕೂಡಿಬಂದ ಕಾಲದಲ್ಲಿ, 1639ರಲ್ಲಿ, ಅವನು ಈ ಮನೆಯನ್ನು 13,000 ಗಿಲ್ಡರಿಗೆ ಕೊಂಡ. ಬೆಲೆಯ ಬಾಕಿ ವರ್ಷಗಟ್ಟಲೆ ಉಳಿದು, 1656ರಲ್ಲಿ ಅವನು ದಿವಾಳಿಯಾದ. ಜುಲೈ 25 ಮತ್ತು 26ರಂದು ಅವನ ಆಸ್ತಿಯ ಪಟ್ಟಿ ತಯಾರಾಯಿತು. ಬರೆದವರು ಕೋಣೆಯಿಂದ ಕೋಣೆಗೆ ಹೋಗುತ್ತ ಕಂಡದ್ದನ್ನು ಕಂಡಲ್ಲೇ ನಮೂದಿಸಿದರು. ಒಟ್ಟು 363 ನಮೂದುಗಳು. ಸಾಮಾನು ಹರಾಜಾಯಿತು, 1658ರಲ್ಲಿ ಮನೆಯೂ ಕೈಬಿಟ್ಟಿತು. ಮನೆಯನ್ನು ಬರಿದುಮಾಡಿದ ಆ ಕಾಗದವೇ ಮುಂದೆ ಅದನ್ನು ಮತ್ತೆ ತುಂಬಿಸಿತು.

ಇಲ್ಲೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಅವನು ಬಿಟ್ಟುಹೋದ ಮೇಲೆ ಮನೆಗೆ ಇನ್ನೊಂದು ಅಂತಸ್ತು ಏರಿತು, ಒಳಗೋಡೆಗಳು ಬದಲಾದವು. 1911ರಲ್ಲಿ ಮ್ಯೂಸಿಯಂ ತೆರೆದಾಗ ವಾಸ್ತುಶಿಲ್ಪಿ ಡಿ ಬಾಜೆಲ್ ಹಳೆಯ ಒಳಾಂಗಣವನ್ನು ಮರುಸೃಷ್ಟಿಸಲು ಹೋಗಲಿಲ್ಲ. ಈಗಿನ ಕೋಣೆಗಳು ರೂಪುಗೊಂಡದ್ದು 1990ರ ದಶಕದ ಕೊನೆಗೆ. ಹಾಗಾದರೆ ಇದು ನಾಟಕದ ರಂಗಸಜ್ಜಿಕೆಯಲ್ಲವೇ? ಅವನು ಕೂತ ಕುರ್ಚಿಯನ್ನೇ ಕಾಣಬೇಕೆಂದು ಬಂದವರಿಗೆ ಹೌದೆಂದೇ ಹೇಳಬೇಕು; ಆ ಮಾತನ್ನು ಮುಚ್ಚಿಟ್ಟರೆ ಮೋಸವಾಗುತ್ತದೆ. ಆದರೆ ಊಹೆಯಿಂದ ಅಲಂಕರಿಸಿದ ಕೋಣೆ ಬೇರೆ, ದಾಖಲೆ ಹಿಡಿದು ಜೋಡಿಸಿದ ಕೋಣೆ ಬೇರೆ. ಸಾಲ ಕೊಟ್ಟವರಿಗಾಗಿ ಬರೆದ ಪಟ್ಟಿಗೆ ಕಲಾವಿದನನ್ನು ಹೊಗಳುವ ಹಂಗಿಲ್ಲ. ಅದರಲ್ಲಿ ವರ್ಣಚಿತ್ರದ ಪಕ್ಕದಲ್ಲೇ ಅಡುಗೆಮನೆಯ ಪಾತ್ರೆಯೂ ಇದೆ.

ಆ ಪಟ್ಟಿ ಕಲಿಸುವುದು ಕಸುಬಿನ ಕ್ರಮವನ್ನು. ಚಿಪ್ಪು, ಹವಳ, ರೋಮನ್ ಚಕ್ರವರ್ತಿಗಳ ಪ್ರತಿಮೆ, ಆಯುಧ, ಮುದ್ರಿತ ಚಿತ್ರಗಳ ಸಂಪುಟಗಳು ಒಂದೇ ಸಂಗ್ರಹದ ಕೋಣೆಯಲ್ಲಿದ್ದವು. ಇವನ್ನೆಲ್ಲ ಕೊಂಡ ದುಂದುಗಾರಿಕೆಯೇ ಅವನನ್ನು ಮುಳುಗಿಸಿತು ಎನ್ನುವವರಿದ್ದಾರೆ. ಖರ್ಚು ಭಾರವಾದದ್ದು ನಿಜ. ಆದರೆ ಈ ವಸ್ತುಗಳು ಅವನ ಕೈಕೆಲಸದ ಸರಕೂ ಆಗಿದ್ದವು. ಪಟ್ಟಿಯಲ್ಲಿ ಕಿರುಚಿತ್ರಗಳ ಒಂದು ಸಂಪುಟವಿದೆ. ಮೊಗಲ್ ಕಿರುಚಿತ್ರಗಳನ್ನು ನೋಡಿ ಅವನು ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಕಲಾಚರಿತ್ರಕಾರರು ಆ ಸಂಪುಟದ ಜೊತೆ ಹೊಂದಿಸಿ ನೋಡಿದ್ದಾರೆ. ಶಾಹಜಹಾನನ ಆಸ್ಥಾನ ಡಚ್ಚರ ಬೀದಿಯೊಂದರ ಮನೆಯಲ್ಲಿ ಅಭ್ಯಾಸದ ಪಾಠವಾಗಿತ್ತು.

ಪಟ್ಟಿಯೇ ಸಾಕಲ್ಲ, ಮನೆಯೇಕೆ ಎಂದೂ ಕೇಳಬಹುದು. ಉತ್ತರದ ಬೆಳಕು ಬೀಳುವ ದೊಡ್ಡ ಚಿತ್ರಶಾಲೆ, ಅದರ ಮೇಲೆ ಅಟ್ಟದಲ್ಲಿ ಶಿಷ್ಯರಿಗಾಗಿ ವಿಂಗಡಿಸಿದ ಗೂಡುಗಳು, ಕೆಳಗೆ ಗಿರಾಕಿಗಳು ಚಿತ್ರ ನೋಡುತ್ತಿದ್ದ ಮುಂಗೋಣೆ: ಇವುಗಳ ನಡುವಿನ ಅಂತರವನ್ನು ಕಾಗದ ಅಳೆದುಕೊಡುವುದಿಲ್ಲ. ಮೆಟ್ಟಿಲು ಹತ್ತಿದಾಗಲೇ ಗುರು, ಶಿಷ್ಯ, ಗಿರಾಕಿ ಮೂವರೂ ಒಂದೇ ಸೂರಿನಡಿ ದುಡಿಮೆಯಿಂದ ಬೆಸೆದುಕೊಂಡಿದ್ದರೆಂಬುದು ಮನಸ್ಸಿಗೆ ಇಳಿಯುತ್ತದೆ. ಆದ್ದರಿಂದ ಅಲ್ಲಿನ ಹೊಸ ಕುರ್ಚಿ ಹೊಸದೆಂದು ತಿಳಿದೇ ಆ ಮನೆಯನ್ನು ನಂಬಬಹುದು. ಕುರ್ಚಿ ಎಲ್ಲಿರಬೇಕೆಂದು ಹೇಳಿದವರು, ಅದನ್ನು ಹೊರಗೆ ಸಾಗಿಸಲು ಬಂದಿದ್ದವರು.